ಐಸ್‌ಲ್ಯಾಂಡಿನ ಬೂದಿ

ಚೆನ್ನಯನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು, ಬುದ್ಧಿ ಬರುವುದು ಎಲ್ಲದಕ್ಕಿಂತ ಕೊನೆಗೆ. ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯಲ್ಲಿದ್ದ ಅವನ ಸಣ್ಣ ಹೋಟೆಲಿನಲ್ಲಿ ಇದು ಗೊತ್ತಿಲ್ಲದ ಗಿರಾಕಿ ಇರಲಿಲ್ಲ. ಸಾಂಬಾರು ತಣ್ಣಗಿದೆ ಎಂದವನಿಗೆ, "ಬಿಸಿ ಇರುವಾಗ ನೀವು ಎಲ್ಲಿ ಹೋಗಿದ್ರಿ?" ಎಂದು ಕೇಳುವ ಗಂಡಸು. ಆದರೂ ಜನ ಬರುತ್ತಿದ್ದರು. ದೋಸೆ ಚೆನ್ನಾಗಿರುತ್ತಿತ್ತು. ಸಾಲದ್ದಕ್ಕೆ ಫ್ರಿಜ್ಜಿನ ಪಕ್ಕದ ಮೇಜಿನಲ್ಲಿ ವಿಜ್ಞಾನ ಪುಕ್ಕಟೆ ಸಿಗುತ್ತಿತ್ತು.

ಆ ಮೇಜು ದೇಜಪ್ಪನದು. ಅವನು ಮುಂಬೈಯ ನೌಕಾದಳದ ಡಾಕ್‌ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಡೊಂಬಿವಲಿಯ ಮನೆಗೆ ಹೋಗುವ ದಾರಿಯಲ್ಲಿ ಠಾಣೆಯಲ್ಲಿ ಇಳಿದು ಒಂದು ಚಹಾ ಕುಡಿಯುವ ಚಟ ಹತ್ತಿಸಿಕೊಂಡಿದ್ದ; ನಿವೃತ್ತನಾದ ಮೇಲೂ ಆ ಚಟಕ್ಕಾಗಿಯೇ ಡೊಂಬಿವಲಿಯಿಂದ ಲೋಕಲ್ ಹತ್ತಿ ಬರುತ್ತಿದ್ದ. ಬಂದರೆ ಚೆನ್ನಯ ದುಡ್ಡಿನ ಗಲ್ಲೆ ಬಿಟ್ಟು ಎದುರು ಕೂರುತ್ತಿದ್ದ. ಹಳೆಯ ವಿಮಾನವಾಹಕ ಹಡಗಿನ ಡೆಕ್ಕಿನಿಂದ ವಿಮಾನವನ್ನು ಕವಣೆ ಕಲ್ಲಿನ ಹಾಗೆ ಬೀಸಿ ಎಸೆಯುವ ಯಂತ್ರದ ಉಗಿ ಎಲ್ಲಿಂದ ಬರುತ್ತದೆ, ಯುದ್ಧ ಮುಗಿದ ಮೇಲೆ ಟ್ಯಾಂಕನ್ನು ಪಾರ್ಕಿನಲ್ಲಿ ನೋಟಕ್ಕೆ ನಿಲ್ಲಿಸುವಾಗ ಅದರ ಹೊಟ್ಟೆಯೊಳಗಿನದನ್ನೆಲ್ಲ ಏನು ಮಾಡುತ್ತಾರೆ, ಚಂದ್ರನಲ್ಲಿ ನೀರಿದೆ ಎಂದರೆ ಅದು ಬಾವಿಯ ಹಾಗೆಯೋ ಬೆವರಿನ ಹಾಗೆಯೋ, ಹೀಗೆ ಮಾತು ಸಾಗುತ್ತಿತ್ತು. ಚೆನ್ನಯ ಓದಿದ್ದು ಕರಾವಳಿಯ ಊರ ಶಾಲೆಯಲ್ಲಿ ಏಳನೆಯವರೆಗೆ. ಉಳಿದದ್ದನ್ನು ರದ್ದಿ ಅಂಗಡಿಯ ಹಳೆಯ ಪತ್ರಿಕೆಗಳಿಂದ ಓದಿಕೊಂಡಿದ್ದ. ಓದಿದ್ದು ಅರ್ಧವಾದರೆ ಧೈರ್ಯ ಒಂದೂವರೆ. ಗಿರಾಕಿಗಳಲ್ಲಿ ಯಾರಾದರೂ ಅನುಮಾನದ ಮಾತಾಡಿದರೆ, "ದೇಜಪ್ಪಣ್ಣ, ಇವರಿಗೆ ಸ್ವಲ್ಪ ಹೇಳಿ" ಎನ್ನುತ್ತಿದ್ದ. ದೇಜಪ್ಪ ಬಾಯಿ ತೆರೆಯುವ ಮೊದಲೇ ತಾನೇ ಹೇಳಿಬಿಡುತ್ತಿದ್ದ.

ಸಂಬಂಧವೂ ಆ ಮೇಜಿನಲ್ಲೇ ಕುದುರಿತ್ತು. ದೇಜಪ್ಪನ ಮಗ ಹಿತೇಶ್ ಲಂಡನ್ನಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಚೆನ್ನಯನ ತಂಗಿ ಜಯಲತಾ ಘಣಸೋಲಿಯಲ್ಲಿದ್ದಳು. ಗಂಡ ತೀರಿಹೋಗಿ ಬಹಳ ವರ್ಷ, ಒಬ್ಬಳೇ ಮಗಳು ನಿಶ್ಮಿತಾ. ತಾಯಿಯ ಕಡೆಯಿಂದ ಕುಟುಂಬ ಸಾಗುವ ಅಳಿಯಸಂತಾನದ ಮನೆಗಳಲ್ಲಿ ಸೋದರಮಾವ ಎಂದರೆ ಸುಮ್ಮನೆ ಅಲ್ಲ. ಆ ಕಾನೂನು ಹೋಗಿ ಎಷ್ಟೋ ಕಾಲವಾದರೂ ಮನೆಯ ಹುಡುಗಿಯ ಮಾತು ಕೊಡುವವನು ಅವನು, ಎದುರು ಕಡೆಯವರು ನೀಡುವ ವೀಳ್ಯದ ಹರಿವಾಣಕ್ಕೆ ಕೈಯೊಡ್ಡುವವನು ಅವನು. ಚೆನ್ನಯ ಮಾತು ಕೊಟ್ಟ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿದರು, ಒಪ್ಪಿದರು, ಒಪ್ಪಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಒಪ್ಪಿದರು. ಜನವರಿಯಲ್ಲಿ ಆಗಬೇಕಿದ್ದ ನಿಶ್ಚಿತಾರ್ಥ ಹಿತೇಶನಿಗೆ ರಜೆ ಸಿಗದೆ ಮುಂದೆ ಹೋಯಿತು. ಊರಿನಲ್ಲಾಗಿದ್ದರೆ ಹುಡುಗ ಬರಬೇಕೆಂದೇ ಇರಲಿಲ್ಲ, ಹಿರಿಯರು ವೀಳ್ಯ ಬದಲಾಯಿಸಿದರೆ ಮುಗಿಯಿತು. ಆದರೆ ಚೆನ್ನಯನೇ ಹಟ ಹಿಡಿದಿದ್ದ: ಹುಡುಗ ಬರಬೇಕು, ಉಂಗುರ ಹಾಕಬೇಕು, ನಾಲ್ಕು ಜನ ಫೋಟೋ ತೆಗೆಯಬೇಕು. ಕೊನೆಗೆ ಏಪ್ರಿಲಿನ ಒಂದು ಭಾನುವಾರ ಗೊತ್ತಾಯಿತು. ಅಷ್ಟರಲ್ಲಿ ಮದುವೆ ಮನೆಯೊಂದರಲ್ಲಿ ಯಾರೋ ಪುಣ್ಯಾತ್ಮರು ಚೆನ್ನಯನ ಕಿವಿಯಲ್ಲಿ ಊದಿದ್ದರು, "ಲಂಡನ್ನಿನ ಹುಡುಗರು ಇಲ್ಲಿ ಒಂದು, ಅಲ್ಲಿ ಒಂದು ಇಟ್ಟುಕೊಳ್ಳುದು ಉಂಟು, ಸ್ವಲ್ಪ ನೋಡಿ." ಅವನು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡಿದ್ದ, ಹುಳಿ ಬರುವವರೆಗೆ.

ಆ ಗುರುವಾರ ಸಂಜೆ ಅವನು ಘಣಸೋಲಿಯಲ್ಲಿದ್ದ, ಭಾನುವಾರದ ಊಟಕ್ಕೆ ಏನೇನು ಎಂದು ಮಾತಾಡಲು. ಟಿವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ದೇಜಪ್ಪನ ಫೋನು ಬಂತು. ತಂಗಿಗೂ ಕೇಳಿಸಲಿ ಎಂದು ಚೆನ್ನಯ ಸ್ಪೀಕರ್ ಹಾಕಿದ.

"ಚೆನ್ನಯಣ್ಣ, ಒಂದು ತೊಂದರೆ ಆಯ್ತು ಮಾರಾಯ್ರೆ. ಹಿತೇಶನ ಫ್ಲೈಟ್ ಕ್ಯಾನ್ಸಲ್. ಐಸ್‌ಲ್ಯಾಂಡಲ್ಲಿ ಅಗ್ನಿಪರ್ವತ ಎದ್ದಿದೆಯಂತೆ. ಲಂಡನ್ನಿಂದ ಒಂದೇ ಒಂದು ವಿಮಾನ ಏಳುದಿಲ್ಲ ಅಂತೆ."

ಚೆನ್ನಯ ತಮಾಷೆ ಎಂದುಕೊಂಡು ನಕ್ಕ. ಆ ಕಡೆಯಿಂದ ನಗು ಬರಲಿಲ್ಲ.

"ಐಸ್‌ಲ್ಯಾಂಡ್ ಎಲ್ಲಿ, ಲಂಡನ್ ಎಲ್ಲಿ ದೇಜಪ್ಪಣ್ಣ? ನಡುವೆ ಸಮುದ್ರ ಉಂಟು."

"ಬೂದಿ ಗಾಳಿಯಲ್ಲಿ ಬಂದದ್ದಂತೆ. ನನಗೂ ಸರಿಯಾಗಿ ಗೊತ್ತಿಲ್ಲ. ಅವ ಏರ್‌ಪೋರ್ಟಿನಿಂದಲೇ ಫೋನ್ ಮಾಡಿದ್ದು."

ಚೆನ್ನಯನ ಕಿವಿ ಕೆಂಪಾಯಿತು. ಜಯಲತಾ ಅದನ್ನು ಕಂಡು ಕೈ ಮುಂದೆ ಮಾಡಿದಳು, ಫೋನು ಕೊಡು ಎನ್ನುವಂತೆ. ನಿಶ್ಮಿತಾ ಒಳಗಿನಿಂದ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಅವಸರಕ್ಕೆ ಅವಳ ಬಾಯಿಗೆ ಬರುವುದು ಹಿಂದಿ. "ಮಾಮಾ, ಏಕ್ ಮಿನಿಟ್. ಹಿತೇಶ್ ಕಾ ಮೆಸೇಜ್ ಮುಝೆ ಭೀ ಆಯಾ ಹೈ. ನ್ಯೂಸ್ ಲಗಾಕೆ ದೇಖತೇ ಹೈಂ ನಾ." ಹಿತೇಶನ ಮೆಸೇಜ್ ತನಗೂ ಬಂದಿದೆ ಎನ್ನುತ್ತ, ನ್ಯೂಸ್ ಹಾಕಿ ನೋಡಲು ಅವಳು ರಿಮೋಟ್ ಎತ್ತಿಕೊಂಡಳು.

ಚೆನ್ನಯ ಅವಳ ಕೈಯಿಂದ ರಿಮೋಟ್ ಕಿತ್ತುಕೊಂಡ. "ನನಗೆ ನ್ಯೂಸಿನವರು ಕಲಿಸುದು ಬೇಡ! ದೊಡ್ಡವರು ಮಾತಾಡುವಾಗ ಒಳಗೆ ಹೋಗು." ಆಮೇಲೆ ಫೋನಿಗೆ ತಿರುಗಿದ. "ದೇಜಪ್ಪಣ್ಣ, ನೀವು ಯಾರ ಹತ್ತಿರ ಈ ಕತೆ ಹೇಳುದು? ಐಸಿನ ದೇಶದಲ್ಲಿ ಬೆಂಕಿ ಎದ್ದಿತಾ? ನನ್ನ ಹೋಟೆಲಿನ ಚಿಮಣಿಯ ಹೊಗೆ ದಿನಾ ಆಕಾಶಕ್ಕೆ ಹೋಗ್ತದೆ, ಯಾವ ವಿಮಾನ ನಿಂತಿತು ಹೇಳಿ? ಫಿರಂಗಿ ಹೊಗೆಯ ಮಧ್ಯೆ ವಿಮಾನ ಹಾರಿಸಿದ ಕತೆ ನೀವೇ ಹೇಳಿದವರಲ್ವಾ? ಈಗ ನಿಮ್ಮ ಮಗನಿಗೆ ಒಲೆ ಬೂದಿ ಅಡ್ಡ ಬಂತಾ?"

"ಚೆನ್ನಯಣ್ಣ, ಸ್ವಲ್ಪ ಕೇಳಿ..."

"ಜನವರಿಯಲ್ಲಿ ರಜೆ ಇಲ್ಲ, ಏಪ್ರಿಲಿನಲ್ಲಿ ಅಗ್ನಿಪರ್ವತ. ಮುಂದಿನ ಸಲ ಭೂಕಂಪವಾ? ಅಲ್ಲಿ ಬಿಳಿ ಹುಡುಗಿ ಸಿಕ್ಕಿದ್ದರೆ ಸೀದಾ ಹೇಳಿ, ನಾವೇನೂ ಕಾಲು ಹಿಡಿದು ಬಂದವರಲ್ಲ. ನಮ್ಮ ಹುಡುಗಿಯ ಮಾತು ಇಲ್ಲಿಗೆ ಮುಗಿಯಿತು. ವೀಳ್ಯ ಇಲ್ಲ, ಏನೂ ಇಲ್ಲ. ಇಡಿ ಫೋನು."

ಆ ಕಡೆ ಯಾರೋ ಹೆಂಗಸು ಉಸಿರೆಳೆದುಕೊಂಡದ್ದು ಕೇಳಿಸಿತು. ದೇಜಪ್ಪನ ಹೆಂಡತಿ ಪ್ರಫುಲ್ಲಾ. ಅವರೂ ಸ್ಪೀಕರ್ ಹಾಕಿದ್ದರು. ದೇಜಪ್ಪ, "ಆಯ್ತು ಚೆನ್ನಯಣ್ಣ" ಎಂದ. ಅಷ್ಟೇ. ಫೋನು ಇಟ್ಟ.

ನಿಶ್ಮಿತಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಜಯಲತಾ ಅಣ್ಣನನ್ನು ನೋಡಿ, "ನೋಡುವ ಅಂತ ಹೇಳಿದ್ಳಲ್ಲ ಅಣ್ಣ. ಒಂದು ಬಟನ್ ಒತ್ತುದು ಅಷ್ಟೇ ಇದ್ದದ್ದು" ಎಂದಳು. ಚೆನ್ನಯ ರಿಮೋಟನ್ನು ಸೋಫಾದ ಮೇಲೆ ಎಸೆದು ಹೊರಟ. ಒತ್ತಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ಶಟರ್ ಎತ್ತಿದಾಗ ಪೇಪರಿನವನು ಕಟ್ಟು ಎಸೆದು ಹೋಗಿದ್ದ. ಮೊದಲ ಪುಟದಲ್ಲೇ ಇತ್ತು. ಬಿಳಿ ಹಿಮದ ಗುಡ್ಡದ ನೆತ್ತಿ ಒಡೆದು ಕಪ್ಪು ಮೋಡ ಎದ್ದ ಚಿತ್ರ. ಏರ್‌ಪೋರ್ಟಿನ ನೆಲದ ಮೇಲೆ ಚೀಲಕ್ಕೆ ತಲೆಕೊಟ್ಟು ಮಲಗಿದ ಜನ. ಚೆನ್ನಯ ನಿಂತಲ್ಲೇ ಓದಿದ, ಇನ್ನೊಮ್ಮೆ ಓದಿದ. ಮರಾಠಿ ಪೇಪರಿನಲ್ಲೂ ಅದೇ, ಹಿಂದಿಯದರಲ್ಲೂ ಅದೇ. ಗಿರಾಕಿಗಳಿಗೆಂದು ತರಿಸುತ್ತಿದ್ದ ಪೇಪರುಗಳನ್ನೆಲ್ಲ ಮಡಚಿ ಅಕ್ಕಿ ಚೀಲದ ಹಿಂದೆ ತುರುಕಿದ, ಕಳ್ಳಮಾಲಿನ ಹಾಗೆ. ಸುದ್ದಿಯನ್ನು ಅಕ್ಕಿ ಚೀಲದ ಹಿಂದೆ ಬಚ್ಚಿಡಬಹುದೇ? ಮೊದಲ ಗಿರಾಕಿ ಇಡ್ಲಿ ಮುರಿಯುತ್ತಲೇ ಕೇಳಿದ, "ಕಾಯ್ ಶೇಠ್, ಜ್ವಾಲಾಮುಖಿ ಪಾಹಿಲಾ ಕಾ, ನೋಡಿದ್ರಾ? ಇವತ್ತು ನಿಮ್ಮ ದೋಸ್ತ್ ಬರಲಿ, ಮಜಾ ಇದೆ!"

"ತಿನ್ನಿ, ತಿಂದು ಏಳಿ" ಎಂದ ಚೆನ್ನಯ. ಧ್ವನಿಯಲ್ಲಿ ಎಂದಿನ ಖಾರ ಇರಲಿಲ್ಲ.

ದೋಸ್ತ್ ಬರಲಿಲ್ಲ. ಫ್ರಿಜ್ಜಿನ ಪಕ್ಕದ ಮೇಜಿಗೆ ಯಾರೋ ಇಬ್ಬರು ಬಂದು ಕೂತು ಊಟ ಮಾಡಿ ಹೋದರು. ಜಯಲತಾ ಫೋನು ಮಾಡಿದಳು: "ಪೇಪರ್ ನೋಡಿದಿಯಾ ಅಣ್ಣ?" ಆಗಲಾದರೂ ಹೌದು, ತಪ್ಪಾಯಿತು ಎನ್ನಬಹುದಿತ್ತು. ಅವನು ಹೇಳಿದ್ದು, "ನೋಡಿದೆ. ಬೂದಿ ನಿಜ ಇರ್ಬಹುದು. ಆದ್ರೆ ಬರಲಿಕ್ಕೆ ಮನಸ್ಸಿದ್ದವ ಒಂದು ವಾರ ಮೊದಲೇ ಬರ್ತಿದ್ದ." ತಂಗಿ ಫೋನು ಇಟ್ಟಳು. ಆ ಮಾತು ಬಾಯಿಂದ ಹೊರಬಿದ್ದಾಗ ಚೆನ್ನಯನಿಗೇ ಅಸಹ್ಯವಾಯಿತು. ನಿನ್ನೆಯದು ಸಿಟ್ಟಿನ ಮಾತು, ಇದು ಸಿಟ್ಟಿನದೂ ಅಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹುಡುಗಿಯೊಬ್ಬಳ ಬಾಳಿನ ಮೇಲೆ ಇನ್ನೊಂದು ಕಲ್ಲು ಇಟ್ಟ ಹಾಗೆ.

ಇಡೀ ಹಗಲು ಅವನಿಗೆ ಅದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಎದುರು ಕೂತು ವರ್ಷಗಟ್ಟಲೆ ಕಲಿಸಿದವನೇ "ನನಗೂ ಸರಿಯಾಗಿ ಗೊತ್ತಿಲ್ಲ" ಎಂದಿದ್ದ. ಅವನಿಗಿದ್ದ ಆ ಸಣ್ಣ ಮಾತು ತನಗೆ ಇರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎನ್ನುತ್ತಾರೆ. ಇಲ್ಲಿ ಕೊಯ್ದದ್ದು ತನ್ನ ಮೂಗನ್ನೂ ಅಲ್ಲ.

ಶನಿವಾರ ಗಲ್ಲೆಗೆ ಬೇರೆಯವರನ್ನು ಕೂರಿಸಿ ಡೊಂಬಿವಲಿಯ ಲೋಕಲ್ ಹತ್ತಿದ. ಸಿಟ್ಟಿಲ್ಲದೆ ಮಾತಾಡುವುದು ಹೇಗೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡ. ದೇಜಪ್ಪನ ಮನೆ ಎರಡನೆಯ ಮಾಳಿಗೆ. ಬಾಗಿಲು ತೆರೆದ ಪ್ರಫುಲ್ಲಾ ಒಂದು ಕ್ಷಣ ನೋಡಿ, ಒಳಗೆ ಹೋಗಿ, ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಮುಂದೆ ಇಟ್ಟಳು. ಮನೆಗೆ ಬಂದವನು ವೈರಿಯಾದರೂ ಬೆಲ್ಲ ನೀರು ಕೊಡುವುದು ಊರಿನ ಕ್ರಮ. ಕೊಟ್ಟಳು, ಕುಡಿಯಿರಿ ಎನ್ನಲಿಲ್ಲ.

ದೇಜಪ್ಪ ಟಿವಿಯ ಎದುರು ಕೂತಿದ್ದ. ಅಲ್ಲಿ ಅದೇ ಕಪ್ಪು ಮೋಡ.

"ಕೂತ್ಕೊಳ್ಳಿ ಚೆನ್ನಯಣ್ಣ. ಇದು ನೋಡಿ. ಇದು ಹೊಗೆ ಅಲ್ಲ, ಗೊತ್ತಾಯ್ತಾ? ಕಲ್ಲು. ಹಿಟ್ಟಿನ ಹಾಗೆ ಪುಡಿಯಾದ ಕಲ್ಲು, ಅದರಲ್ಲಿ ಗಾಜು. ಇಂಜಿನಿನ ಬಿಸಿಗೆ ಹೋದ ಕೂಡ್ಲೆ ಅದು ಕರಗಿ ಒಳಗೆ ತಿರುಗುವ ರೆಕ್ಕೆಗಳಿಗೆ ಅಂಟಿಕೊಳ್ತದೆ. ಮತ್ತೆ ಉಸಿರು ಕಟ್ಟಿದ ಹಾಗೆ, ಇಂಜಿನ್ ಬಂದ್. ಮೇಲೆ ಐಸ್ ಇದ್ದದ್ದಕ್ಕೇ ಹೀಗೆ ಆದದ್ದಂತೆ. ಬೆಂಕಿಯ ಮೇಲೆ ನೀರು ಬಿದ್ದು ಸಿಡಿದದ್ದು. ಐಸಿನ ದೇಶ ಅಂತ ನೀವು ಹೇಳಿದ್ರಲ್ಲ, ಅದೇ ಕಾರಣ."

ಅವನು ಕುಟುಕಲು ಹೇಳಿದ್ದಲ್ಲ. ಹೇಳುವಾಗ ಅವನ ಕಣ್ಣು ಎಂದಿನ ಹಾಗೆ ಅರಳಿತ್ತು. ನಡುವೆ ನೆನಪಾದವನಂತೆ ಮಾತು ನಿಲ್ಲಿಸಿ, ಟಿವಿಯ ಧ್ವನಿ ತಗ್ಗಿಸಿ, ನೆಲ ನೋಡಿದ. ಬೈದಿದ್ದರೆ ಚೆನ್ನಯನಿಗೆ ಬೈಗುಳಕ್ಕೆ ಬೈಗುಳ ಕೊಟ್ಟು ಅಭ್ಯಾಸ ಇತ್ತು; ಇದಕ್ಕೆ ಇರಲಿಲ್ಲ.

"ದೇಜಪ್ಪಣ್ಣ, ನನ್ನದು ತಪ್ಪಾಯ್ತು. ಪ್ರಫುಲ್ಲಕ್ಕ, ನಿಮಗೂ ಹೇಳುದು. ತಿಳಿಯದೆ ಮಾತಾಡಿದೆ."

"ತಿಳಿಯದೆಯಾ?" ಪ್ರಫುಲ್ಲಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಬೂದಿ ವಿಷಯ ತಿಳಿದಿರ್ಲಿಲ್ಲ, ಸರಿ. ಅದು ಇವರಿಗೂ ತಿಳಿದಿರ್ಲಿಲ್ಲ. ನನ್ನ ಮಗನಿಗೆ ಬಿಳಿ ಹುಡುಗಿ ಉಂಟು ಅಂತ ನಿಮಗೆ ಯಾವ ಅಗ್ನಿಪರ್ವತ ಹೇಳಿದ್ದು ಚೆನ್ನಯಣ್ಣ?"

ಕಿವಿ ಬಿಸಿಯಾದದ್ದು ಚೆನ್ನಯನಿಗೆ ತಿಳಿಯಿತು. ಹಲ್ಲು ಕಚ್ಚಿದ. "ಯಾರೋ ಹೇಳಿದ್ದು. ಕೇಳಬಾರದಿತ್ತು. ಕೇಳಿದೆ."

"ಅವ ಏರ್‌ಪೋರ್ಟಲ್ಲಿ ನೆಲದಲ್ಲಿ ಮಲಗಿದ್ದ. ನಿಶ್ಮಿತಾ ಅಳ್ತಾ ಫೋನ್ ಮಾಡಿ ಅವನಿಗೆ ಎಲ್ಲಾ ಹೇಳಿದ್ಳಂತೆ. 'ಅಮ್ಮ, ನಾನೇನು ಮಾಡಿದೆ' ಅಂತ ಕೇಳಿದ ನನ್ನ ಹತ್ತಿರ. ನಾನು ಏನು ಹೇಳ್ಲಿ?"

ಬೆಲ್ಲದ ಮೇಲೆ ನೊಣ ಕೂತಿತು. ಓಡಿಸಲೂ ಚೆನ್ನಯನಿಗೆ ಕೈ ಬರಲಿಲ್ಲ.

ಕೊನೆಗೆ ಕೇಳಬೇಕಾದದ್ದನ್ನು ಕೇಳಿದ. "ನನ್ನ ಮೇಲಿನ ಸಿಟ್ಟು ಹುಡುಗಿಯ ಮೇಲೆ ಬೇಡ. ನಾಳೆಯ ಭಾನುವಾರ ಹಾಗೇ ಇರ್ಲಿ. ಹುಡುಗ ಬರುದು ಬೇಡ. ಊರಿನ ಕ್ರಮದಲ್ಲಿ ನಾವು ನಾವೇ ವೀಳ್ಯ ಬದಲಾಯಿಸಿಕೊಳ್ಳುವ. ಹುಡುಗ ಬೇಕೇ ಬೇಕು ಅಂತ ಹಟ ಮಾಡಿದವ ನಾನೇ, ಈಗ ನಾನೇ ಬಿಡ್ತೇನೆ."

ದೇಜಪ್ಪ ಹೆಂಡತಿಯನ್ನು ನೋಡಿದ. ತನ್ನ ಮಟ್ಟಿಗೆ ಅವನು ಆಗಲೇ ಒಪ್ಪಿದ್ದ, ಅದು ಮುಖದಲ್ಲೇ ಇತ್ತು. ಪ್ರಫುಲ್ಲಾ ಸೆರಗಿಗೆ ಕೈ ಒರೆಸಿಕೊಂಡಳು.

"ಹುಡುಗಿ ನನಗೆ ಬೇಕು. ಅವಳ ಮೇಲೆ ನನಗೆ ಏನೂ ಇಲ್ಲ. ಆದ್ರೆ ಒಂದು ಮಾತು. ನಾಳೆ ನಾವು ಕೊಡುವ ಹರಿವಾಣ ನಿಮ್ಮ ಕೈಗೆ ಬೀಳಬಾರ್ದು. ಕೊಟ್ಟ ಮಾತು ಫೋನಿನಲ್ಲಿ ಮುರಿದ ಕೈ ಅದು. ನಾಳೆ ಇನ್ನೊಂದು ಸಿಟ್ಟು ಬಂದ್ರೆ? ಬೇರೆ ಯಾರಾದ್ರೂ ತಗೊಳ್ಳಲಿ."

"ಪ್ರಫುಲ್ಲಾ!" ಎಂದ ದೇಜಪ್ಪ.

ಚೆನ್ನಯ ಎದ್ದು ನಿಂತ. ಇಷ್ಟು ವರ್ಷ ತಂಗಿಯ ಮನೆಗೆ ಗಂಡಸು ಎಂದು ನಿಂತವನು ಅವನು. ಹುಡುಗಿಗೆ ಶಾಲೆಯ ಮೊದಲ ದಿನ ಸ್ಲೇಟು ಹಿಡಿಸಿದವನು, ತಂದೆ ತೀರಿಕೊಂಡಾಗ ಎತ್ತಿಕೊಂಡವನು. ನಾಲ್ಕು ಜನರೆದುರು ಸೋದರಮಾವನನ್ನು ಬದಿಗೆ ಸರಿಸುವುದೆಂದರೆ ಅದಕ್ಕಿಂತ ಕೆನ್ನೆಗೆ ಹೊಡೆಯುವುದು ಮೇಲು. ಸಿಟ್ಟಿನ ಮಾತು ಬಾಯಿಗೆ ಬಂತು, ಹಲ್ಲಿನ ತನಕ ಬಂತು. ಅಲ್ಲಿಂದ ಅದನ್ನು ಹಿಂದಕ್ಕೆ ನುಂಗಿದ. ಬಹುಶಃ ಜೀವಮಾನದಲ್ಲೇ ಮೊದಲ ಸಲ, ಬುದ್ಧಿ ಬಾಯಿಗಿಂತ ಮೊದಲು ಬಂದಿತ್ತು.

"ಜಯಲತಾ ತಗೊಳ್ಳಲಿ" ಎಂದ.

ವಿಧವೆಯ ಕೈಗೆ ವೀಳ್ಯ ಕೊಡುವುದನ್ನು ಪ್ರಫುಲ್ಲಾ ಎಲ್ಲಿಯೂ ಕಂಡವಳಲ್ಲ.

"ಕುಟುಂಬ ಹೆಣ್ಣಿನದು ಪ್ರಫುಲ್ಲಕ್ಕ. ನಾವು ಗಂಡಸರು ಬರೀ ನೋಡಿಕೊಳ್ಳುವವರು ಅಲ್ವಾ? ಸರಿಯಾಗಿ ನೋಡಿಕೊಳ್ಳದಿದ್ರೆ, ಅದು ಯಾರದ್ದೋ ಅವರೇ ತಗೊಳ್ಳಬೇಕು."

ಪ್ರಫುಲ್ಲಾ ಹತ್ತಿರ ಬಂದು ಬೆಲ್ಲದ ಮೇಲಿನ ನೊಣ ಓಡಿಸಿದಳು. "ಅವರಾದ್ರೆ ಸರಿ" ಎಂದಳು. ಆಮೇಲೆ, "ನೀರು ಕುಡಿಯಿರಿ" ಎಂದಳು.

ಭಾನುವಾರ ಘಣಸೋಲಿಯಲ್ಲಿ, ಜಯಲತಾಳ ಸೊಸೈಟಿಯ ಕೆಳಗಿನ ಕೋಣೆಯಲ್ಲಿ ಜನ ಸೇರಿದರು. ನಿಶ್ಮಿತಾ ಗುರುವಾರದಿಂದ ಮಾಮನ ಜತೆ ಮಾತಾಡಿರಲಿಲ್ಲ. ಅಂದೂ ಹಸಿರು ಸೀರೆಯುಟ್ಟು ಬಂದು ಎಲ್ಲರ ಕಾಲಿಗೆ ಬಿದ್ದವಳು ಅವನ ಕಾಲಿಗೂ ಬಿದ್ದಳು, ಮುಖ ಎತ್ತಲಿಲ್ಲ. ಹಿತೇಶ್ ಲಂಡನ್ನಿನಲ್ಲೇ ಇದ್ದ. ಅವನಿಗೆ ತೋರಲೆಂದು ಕುರ್ಚಿಯೊಂದರ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಿದ್ದರು.

ಗುರಿಕಾರ ಮುಂಡಪ್ಪ ಎದ್ದು ನಿಂತ. ಇಂಥ ಕಾರ್ಯಗಳನ್ನು ನಡೆಸಿಕೊಡುವ ಹಿರಿಯ, ಗಟ್ಟಿ ಗಂಟಲು. "ಗಂಡಿನ ಕಡೆಯವರು ಹರಿವಾಣ ತಂದಿದ್ದಾರೆ. ಹೆಣ್ಣಿನ ಕಡೆಯ ಯಜಮಾನರು ಮುಂದೆ ಬರ್ಬೇಕು. ಚೆನ್ನಯ, ಬಾ ಮಾರಾಯ. ಎಂಥ ಮಾಡ್ತೀ ಬಾಗಿಲ ಹತ್ತಿರ?"

ಕೂತವರೆಲ್ಲ ತಿರುಗಿ ನೋಡಿದರು. ಚೆನ್ನಯ ಊಟದ ಪಾತ್ರೆಗಳ ಬಳಿ ನಿಂತಿದ್ದ.

"ನಾನಲ್ಲ. ಜಯಲತಾ ತಗೊಳ್ತಾಳೆ."

"ಹೇ, ತಮಾಷೆ ಮಾಡ್ಬೇಡ. ಅವಳು ಹೇಗೆ ತಗೊಳ್ಳುದು? ಮಾವ ನೀನಿರುವಾಗ!"

ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಜಯಲತಾ ಗೋಡೆಗೊರಗಿ ನಿಂತವಳು ಬೆವರುತ್ತಿದ್ದಳು. ಇನ್ನೊಂದು ಮಾತು ಕೇಳಿದರೆ ಒಳಗೆ ಓಡಿಬಿಡುತ್ತಾಳೆ ಎನ್ನುವಂತಿತ್ತು. ಕೈಯಲ್ಲಿ ಹರಿವಾಣ ಹಿಡಿದ ದೇಜಪ್ಪನ ಮುಖ ಸಣ್ಣದಾಯಿತು. ಅವನು ಇನ್ನೇನು ಏನಾದರೂ ಹೇಳಿ ಗೆಳೆಯನ ಮಾನ ಕಾಯುತ್ತಾನೆ, ನೆಗಡಿ ಎಂದೋ ಸೂತಕ ಎಂದೋ. ಅದನ್ನೂ ಅವನ ಮೇಲೆ ಹೊರಿಸುವುದು ಬೇಡ ಎನಿಸಿತು ಚೆನ್ನಯನಿಗೆ.

"ನಾನು ಕೊಟ್ಟ ಮಾತು ಮುರಿದಿದ್ದೆ ಮುಂಡಪ್ಪಣ್ಣ. ಮೊನ್ನೆ ಗುರುವಾರ. ಇವರು ನಿಜ ಹೇಳಿದ್ರು, ನಾನು ಸುಳ್ಳು ಅಂದೆ. ಹುಡುಗನಿಗೆ ಬಾಯಿಗೆ ಬಂದದ್ದು ಅಂದೆ. ನೋಡಿಯಾದ್ರೂ ಮಾತಾಡು ಅಂತ ಈ ಹುಡುಗಿ ಹೇಳಿದ್ರೆ ಅವಳನ್ನೂ ಜೋರು ಮಾಡಿದೆ. ನನ್ನ ಕೈಗೆ ಕೊಟ್ರೆ ಅದಕ್ಕೆ ಬೆಲೆ ಇಲ್ಲ. ಅವಳ ಕೈಗೆ ಕೊಡಿ."

ಮುಂಡಪ್ಪ ಹೆಂಗಸರ ಕಡೆ ನೋಡಿದ. ಮುಂದೆ ಬಂದವಳು ಪ್ರಫುಲ್ಲಾ. ಗಂಡನ ಕೈಯಿಂದ ಹರಿವಾಣ ತೆಗೆದುಕೊಂಡು ನೇರ ಗೋಡೆಯ ಬಳಿಗೆ ಹೋಗಿ, "ಜಯಲತಕ್ಕ, ಹಿಡ್ಕೊಳ್ಳಿ. ಭಾರ ಉಂಟು" ಎಂದಳು. ಜಯಲತಾ ಹಿಡಿದುಕೊಳ್ಳುವಾಗ ಹರಿವಾಣ ಓರೆಯಾಗಿ ಎರಡು ಎಲೆ ಕೆಳಗೆ ಬಿದ್ದವು. ನಿಶ್ಮಿತಾ ಬಗ್ಗಿ ಎತ್ತಿಟ್ಟಳು.

ಆಮೇಲೆ ಎಲ್ಲ ಸರಾಗ. ಜನ ನಕ್ಕರು, ಫೋಟೋ ತೆಗೆದರು. ಚೆನ್ನಯ ಬಡಿಸಲು ಪಾಯಸದ ಬಕೆಟ್ಟು ಎತ್ತಿಕೊಂಡ. ಇಷ್ಟು ಹೇಳಿದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಹೇಳಿದ್ದು ಎಲ್ಲರೆದುರು, ಆದರೆ ಯಾರಿಗೆ ಹೇಳಬೇಕಿತ್ತೋ ಅವನಿಗೆ ಹೇಳಿರಲಿಲ್ಲ.

"ಮಾಮಾ." ನಿಶ್ಮಿತಾ ಹಿಂದೆ ನಿಂತಿದ್ದಳು, ಲ್ಯಾಪ್‌ಟಾಪ್ ಎರಡೂ ಕೈಯಲ್ಲಿ ಹಿಡಿದು. "ಹಿತೇಶ್ ಕೋ ಆಪ್‌ಸೆ ಬಾತ್ ಕರ್ನೀ ಹೈ."

ಅವನು ಬಕೆಟ್ಟು ಕೆಳಗಿಟ್ಟ. ಪರದೆಯಲ್ಲಿ ಹುಡುಗನ ಮುಖ, ಗಡ್ಡ ಬೆಳೆದಿತ್ತು. ಚೆನ್ನಯ ಬಾಯಿ ತೆರೆದ; ಲೋಕಲಿನಲ್ಲಿ ಒಪ್ಪಿಸಿಕೊಂಡ ಪಾಠದ ಒಂದು ಅಕ್ಷರವೂ ಬರಲಿಲ್ಲ.

"ಹಿತೇಶ್... ನಾನು ನಿನ್ನ ಬಗ್ಗೆ..."

"ಮಾಮಾ, ಕೇಳಿಸ್ತಾ ಉಂಟು ನನಗೆ. ಎಲ್ಲಾ ಕೇಳಿದೆ ಆಗಲೇ. ನಿಮಗೆ ಒಂದು ತೋರಿಸ್ಬೇಕಿತ್ತು. ನೋಡಿ." ಪರದೆ ಅಲುಗಿತು. ಕಿಟಕಿಯೊಂದು ಬಂತು, ಅದರಾಚೆ ಇಟ್ಟಿಗೆಯ ಮನೆಗಳ ಮೇಲೆ ಆಕಾಶ. ಹೊಗೆಯಿಲ್ಲ, ಬೂದಿಯಿಲ್ಲ, ಒಂದು ಮೋಡವೂ ಇಲ್ಲ. ತೊಳೆದಿಟ್ಟಂಥ ನೀಲಿ. "ಮೂರು ದಿನದಿಂದ ಹೀಗೇ ಉಂಟು. ಒಂದು ವಿಮಾನ ಇಲ್ಲ. ನೋಡಿದ್ರೆ ನನಗೇ ನಂಬಿಕೆ ಬರುದಿಲ್ಲ ಮಾಮಾ. ನಿಮಗೆ ಹೇಗೆ ಬರ್ಬೇಕು?"

ಆ ಹುಡುಗ ತನಗೆ ಒಂದು ದಾರಿ ಮಾಡಿಕೊಡುತ್ತಿದ್ದಾನೆ ಎಂದು ಚೆನ್ನಯನಿಗೆ ಅರ್ಥವಾಯಿತು. ಹೌದು ಮಗ, ಅದಕ್ಕೇ ಹಾಗಾಯಿತು ಎಂದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು.

"ನಾನು ಆಕಾಶ ನೋಡಿ ಹೇಳಿದ್ದಲ್ಲ ಮಗ" ಎಂದ. "ನಾನು ಏನನ್ನೂ ನೋಡಿರ್ಲಿಲ್ಲ."

ಪರದೆಯಲ್ಲಿ ಆಕಾಶ ಹಾಗೇ ನಿಂತಿತ್ತು. ನಿಶ್ಮಿತಾಳ ಕೈ ಸೋತು ಲ್ಯಾಪ್‌ಟಾಪ್ ಒಂದು ಬದಿಗೆ ವಾಲಿತು. ಚೆನ್ನಯ ಕೈಕೊಟ್ಟು ಆ ಬದಿಯನ್ನು ಹಿಡಿದುಕೊಂಡ. ಅವಳು ಬೇಡ ಎನ್ನಲಿಲ್ಲ. ಅವನ ಕಡೆ ನೋಡಲೂ ಇಲ್ಲ.